ಗಾಡಿ ಯಾರ ಹೆಸರಿಗಿ?

ಟೂವೂಂಬಾ, ಕ್ವೀನ್ಸ್‌ಲ್ಯಾಂಡ್
೧೧ ಫೆಬ್ರುವರಿ ೨೦೨೪

ಅಪ್ಪಾರಿಗಿ ವಿಜಿ ಮಾಡೋ ಶರಣು.

ಈ ಪತ್ರ ಮನಿ ಪತ್ತಾಕ್ಕ ಹಾಕಿಲ್ಲ, ನಿಮ್ಮ ಮೇಜಿನ ಬಾಜೂಕ ಇರೋ ಫಕ್ರೋದ್ದೀನ ಚಾಚಾರ ಜೆರಾಕ್ಸ್ ಅಂಗಡಿಗಿ ಹಾಕೀನಿ. ಸಿಟ್ಟಾಗಬ್ಯಾಡ್ರಿ. ಫೋನ್ ಮಾಡಿದ್ರ ಅವ್ವ ಸ್ಪೀಕರ್ ಹಾಕ್ತಾಳ, ಬಾಜೂ ಮನಿ ಸಿದ್ದೇಶ್ವರಿ ಅತ್ತಿನೂ ಬಂದು ಕುಂದರ್ತಾಳ, ನಿಮಗ ಎಡಗಿವಿ ಕೇಳಂಗಿಲ್ಲ. ನಾ ಒಂದು ಕೇಳಿದ್ರ ನೀವು ಇನ್ನೊಂದಕ್ಕ ಜವಾಬ ಕೊಡ್ತೀರಿ. ಮ್ಯಾಲ ಕಾಗದದಾಗ ಬರದದ್ದೇ ಖರೇ ಅನ್ನೋರು ನೀವು. ಅದಕ್ಕ ಕಾಗದ.

ಮೂವತ್ತೊಂದು ವರ್ಷ ಬೀದರ ಆರ್‌ಟಿಓ ದಫ್ತರದ ಎದುರು ಮೇಜು ಹಾಕ್ಕೊಂಡು ಮಂದಿ ಗಾಡಿ ಕಾಗದ ಮಾಡಿಕೊಟ್ಟೀರಿ. ಈಗ ನಿಮ್ಮ ಮಗಳೇ ಗಿರಾಕಿ ಆಗ್ಯಾಳ ನೋಡ್ರಿ.

ನಾ ಟ್ಯಾಮ್‌ವರ್ತ್ ಬಿಟ್ಟು ಫೆಬ್ರುವರಿ ಒಂದಕ್ಕ ಈ ಊರಿಗಿ ಬಂದೀನಿ. ಅದು ನ್ಯೂ ಸೌತ್ ವೇಲ್ಸ್ ರಾಜ್ಯ, ಇದು ಕ್ವೀನ್ಸ್‌ಲ್ಯಾಂಡ್ ರಾಜ್ಯ. ಇಲ್ಲಿ ಒಂದು ವೃದ್ಧಾಶ್ರಮದಾಗ ನರ್ಸ್ ನೌಕರಿ. ಆಶ್ರಮ ಊರ ಹೊರಗ ಮೂವತ್ತು ಕಿಲೋಮೀಟರ್, ಬಸ್ಸಿಲ್ಲ. ಕಾರಿಲ್ಲಂದ್ರ ನೌಕರಿ ಇಲ್ಲ, ನೌಕರಿ ಇಲ್ಲಂದ್ರ ವೀಸಾ ಇಲ್ಲ. ಊರು ಬದಲಿ ಮಾಡಿದ ಹದಿನಾಲ್ಕು ದಿನದಾಗ ಗಾಡಿಗಿ ಈ ರಾಜ್ಯದ ನಂಬರ್ ಹಾಕಸಬೇಕಂತ. ಹಳೆ ರಾಜ್ಯದ ನೋಂದಣಿ ಜೂನ್ ಮೂವತ್ತಕ್ಕ ಮುಗೀತದ. ಆಮ್ಯಾಲ ಗಾಡಿ ರೋಡಿಗಿ ತರಂಗೇ ಇಲ್ಲ.

ಕಾರು ನಿಮ್ಮ ಅಳಿಯಂದ್ರ ಹೆಸರಿಗಿ ಅದ. ನಾ ಅದನ್ನ ನನ್ನ ಹೆಸರಿಗಿ ಮಾಡ್ಕೋಬೇಕಂತೀನಿ. ರಾಜ್ಯನೂ ಬದಲಿ, ಹೆಸರೂ ಬದಲಿ, ಎರಡೂ ಒಂದೇ ಸಲ ಆಗ್ತದೇನ್ರಿ? ಇಲ್ಲಿನ ಗಾಡಿ ದಫ್ತರದ ಕೌಂಟರಿನಾಕಿ ಹೇಳಿದ್ದು ಅರ್ಧ ತಿಳೀತು, ಅರ್ಧ ತಿಳೀಲಿಲ್ಲ. ಫಾರ್ಮು ಓದಿ ಓದಿ ತಲಿ ಗಿರ್ ಅನ್ಲತ್ತದ.

ಅವರು ಆರಾಮ ಇದ್ದಾರ. ಕೆಲಸದ ಮ್ಯಾಲ ದೂರ ಹೋಗ್ಯಾರ.

ನಿಮ್ಮ ಮಗಳು
ವಿಜಯಶ್ರೀ


ಬೀದರ
೨೮ ಫೆಬ್ರುವರಿ ೨೦೨೪

ಚಿ. ವಿಜಿಗಿ ಅಪ್ಪನ ಆಶೀರ್ವಾದ.

ಹದಿನಾಲ್ಕು ದಿನದ ಮುದ್ದತ್ ಅಂದಿ. ನಿನ್ನ ಪತ್ರ ಬರ್ಲಾಕೇ ಹದಿನಾರು ದಿನ ಹಿಡದದ. ಇದ್ಯಾವ ಸೀಮಿ ಕಾನೂನು ಮಗಳ? ನಮ್ಮಲ್ಲಿ ಒಂದು ವರ್ಷ ಮುದ್ದತ್ ಅದ. ಆ ವರ್ಷ ಮುಗಿಯೂತನಾ ಮಂದಿ ಮೀಸಿ ತಿರವ್ಕೋತ ಮಹಾರಾಷ್ಟ್ರ ನಂಬರಿನ್ಯಾಗೇ ಓಡಾಡ್ತಾರ. ಫೋಟೋ ಹೊಡದು ಮೊಬೈಲಿನ್ಯಾಗ ಕಳಸ್ರಿ, ಒಂದು ನಿಮಿಷದ ಕೆಲಸ ಅಂತ ಫಕ್ರೋದ್ದೀನ ಅಂತಾನ. ಫೋಟೋ ಅಂದ್ರ ಕಾಗದೇನು? ಮುಚ್ಚು ಬಾಯಿ ಅಂದೀನಿ.

ಈಗ ಕೇಳು. ಬೀದರದಾಗ ಒಂದು ಪಾನ್ ಡಬ್ಬಿ ಮುಂದ ಮೂರು ರಾಜ್ಯದ ಗಾಡಿ ನಿಂತಿರ್ತಾವ. ಮಹಾರಾಷ್ಟ್ರದ ದೇಗಲೂರಿಂದ ಬಂದದ್ದು, ತೆಲಂಗಾಣದ ಜಹೀರಾಬಾದಿಂದ ಬಂದದ್ದು, ನಮ್ಮದು. ಅವನ್ನ ನಮ್ಮ ಬೀದರ ಕೆಎ ಮೂವತ್ತೆಂಟು ನಂಬರಿಗಿ ತಂದು ತಂದು ನನ್ನ ಬೆರಳು ಸವದಾವ. ಮೊದಲು ಹಳೆ ಆರ್‌ಟಿಓದವರ ಕಡಿಂದ ನಿರಾಕ್ಷೇಪಣಾ ಪತ್ರ ತರಸು. ಅದಿಲ್ದೆ ಯಾರೂ ಗಾಡಿ ಮುಟ್ಟಂಗಿಲ್ಲ. ಆಮ್ಯಾಲ ಚಾಸಿ ನಂಬರಿನ ಮ್ಯಾಲ ತೆಳ್ಳಗಿನ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತಗಿ, ಮೂರು ಪ್ರತಿ. ದಫ್ತರದ ಒಳಗ ನೀ ಹೋಗಬ್ಯಾಡ, ಹೆಣ್ಣಮಗಳು ಅಂದ್ರ ನಾಕು ಸಲ ತಿರುಗಸ್ತಾರ. ಹೊರಗ ಗಿಡದ ಬುಡಕ್ಕ ಯಾರಾದ್ರೂ ಏಜೆಂಟ ಕುಂತಿರ್ತಾನ. ಅವಗ ನಾನೂ ಇದೇ ಲೈನಿನ್ಯಾಗ ಇದ್ದವನ ಮಗಳು ಅಂತ ಹೇಳು, ಬರೋಬರಿ ಮಾಡ್ತಾನ.

ಒಂದು ಮಾತು ಮಾತ್ರ ತಿಳೀಲಿಲ್ಲ. ರಾಜ್ಯ ಬದಲಿ ಬ್ಯಾರೆ, ಹೆಸರು ಬದಲಿ ಬ್ಯಾರೆ. ಅಳಿಯಂದ್ರು ಗಟ್ಟಿಮುಟ್ಟ ಇರಬೇಕಾದ್ರ ಗಾಡಿ ನಿನ್ನ ಹೆಸರಿಗಿ ಯಾಕ? ಗಂಡನ ಗಾಡಿ ನನ್ನ ಹೆಸರಿಗಿ ಮಾಡಿಕೊಡ್ರಿ ಅಂತ ನನ್ನ ಮೇಜಿಗಿ ಬರೋ ಹೆಣ್ಣಮಕ್ಕಳು ಮೂರು ಕಾರಣಕ್ಕ ಬರ್ತಾರ. ಗಂಡ ಸತ್ತಿರ್ತಾನ. ಇಲ್ಲಾ ಜೇಲಿನ್ಯಾಗ ಇರ್ತಾನ. ಮೂರನೇದು ನಾ ಇಲ್ಲಿ ಬರಿಯಲ್ಲ.

ಅವರ ಹೆಸರಿಗೇ ಇರ್ಲಿ. ಅವರೇ ರಜಾ ಹಾಕಿ ಬಂದು ಸಾಲಿನ್ಯಾಗ ನಿಂದರ್ಲಿ. ಸಂತೋಷಕುಮಾರ ಅವರಿಗಿ ನನ್ನ ಶರಣು ಹೇಳು.

ನಿನ್ನ ಅಪ್ಪ
ಶಿವರಾಜಪ್ಪ


ಟೂವೂಂಬಾ
೧೭ ಮಾರ್ಚ್ ೨೦೨೪

ಅಪ್ಪಾರಿಗಿ ಶರಣು.

ನೀವು ಹೇಳಿದಂಗ ಮಾಡ್ದೆ, ಮಾನ ಹೋಯ್ತು. ಬಾನೆಟ್ ಎತ್ತಿ, ಪೆನ್ಸಿಲ್ ತಗೊಂಡು ಅರ್ಧ ತಾಸು ಬಗ್ಗಿ ನಿಂತು ಚಾಸಿ ಅಚ್ಚು ತಗದೆ. ಬಾಜೂ ಮನಿ ಅಜ್ಜ ಬಂದು, ಗಾಡಿ ಚಿತ್ರ ಬಿಡಸ್ಲತ್ತಿಯೇನಮ್ಮಾ ಅಂತ ಕೇಳ್ದ. ಮೂರೂ ಪ್ರತಿ ಕೌಂಟರಿನ್ಯಾಗ ಇಟ್ಟೆ. ಆಕಿ ಹಿಂದಾ ಮುಂದಾ ತಿರುವಿ ನೋಡಿ, ಭಾಳ ಛಲೋ ಬಂದದ, ಆದ್ರ ಇದನ್ನ ತಗೊಂಡು ನಾ ಏನು ಮಾಡ್ಲಿ ಅಂದ್ಳು. ನಿರಾಕ್ಷೇಪಣಾ ಪತ್ರ ಅಂದ್ರ ಆಕಿಗಿ ಗೊತ್ತೇ ಇಲ್ಲ. ಯಾರ ಆಕ್ಷೇಪಣೆ, ಯಾಕ ಆಕ್ಷೇಪಣೆ ಅಂತ ನನಗೇ ಕೇಳಿದ್ಳು. ಗಿಡನೂ ಇಲ್ಲ, ಏಜೆಂಟನೂ ಇಲ್ರಿ ಅಪ್ಪಾ. ಹೊರಗ ಬರೇ ಕಾರ್ ನಿಲ್ಲಸೋ ಜಾಗ ಅದ.

ಒಬ್ಬ ಮೆಕ್ಯಾನಿಕ್ ಗಾಡಿ ಕೆಳಗ ಹೊಕ್ಕು ನೋಡಿ, ರೋಡಿಗಿ ಲಾಯಕ್ಕ ಅದ ಅಂತ ಸರ್ಟಿಫಿಕೇಟ ಕೊಟ್ಟಾನ. ನನ್ನ ಗುರುತಿನ ಕಾಗದ, ಮನಿ ಬಾಡಿಗಿ ಕಾಗದ ಎಲ್ಲಾ ಆಗ್ಯಾವ. ಹದಿನಾಲ್ಕು ದಿನ ಮುಗದು ತಿಂಗಳಾತು, ಈ ಸಲ ಬಿಟ್ಟೀವಿ, ಲಗೂನ ಮುಗಸ್ರಿ ಅಂದಾರ. ಉಳದದ್ದು ಒಂದೇ, ಹಳೆ ಮಾಲಕನ ಸಹಿ. ಅಸಲ ಸಹಿನೇ ಆಗಬೇಕು, ಜೆರಾಕ್ಸ್ ನಡೆಯಂಗಿಲ್ಲಂತ.

ಅವರು ಗಣಿ ಕೆಲಸಕ್ಕ ಹೋಗ್ಯಾರ. ಭಾಳ ದೂರ ಅದ, ಫೋನ್ ಹತ್ತಂಗಿಲ್ಲ. ಬಂದ ಮ್ಯಾಲ ಸಹಿ ಮಾಡಸ್ತೇನಿ. ನಿಮ್ಮ ಮೂರನೇ ಕಾರಣ ನೀವೇ ಇಟ್ಕೋರಿ. ನನ್ನ ಹೆಸರಿಗಿ ಇದ್ರ ನಂಗ ಅನುಕೂಲ, ಅಷ್ಟೇ.

ವಿಜಯಶ್ರೀ


ಬೀದರ
೩೦ ಮಾರ್ಚ್ ೨೦೨೪

ಚಿ. ವಿಜಿಗಿ.

ನಿನ್ನ ಪತ್ರ ನಿನ್ನೆ ಬಂತು. ಅದನ್ನ ಕಿಸೇದಾಗ ಇಟ್ಕೊಂಡೇ ಇವತ್ತ ಔರಾದಿಗಿ ಹೋಗಿದ್ದೆ. ಒಂದು ದೇಗಲೂರ ಟ್ರ್ಯಾಕ್ಟರಿನ ಕೆಲಸ ಇತ್ತು. ವಾಪಸ್ ಬರೂಮುಂದ ಔರಾದ ಬಸ್‌ಸ್ಟ್ಯಾಂಡಿನ್ಯಾಗ ಏನು ನೋಡ್ದೆ ಗೊತ್ತೇನು? ಸಂತೋಷಕುಮಾರ ಅವರನ್ನ ನೋಡ್ದೆ. ಹೋಟೆಲಿನ ಹೊರಗ ನಿಂತು ಚುರಮುರಿ ಸುಸಲಾ ತಿನ್ಲತ್ತಿದ್ರು. ಬಿಳಿ ಅಂಗಿ, ಗಡ್ಡ ಬಿಟ್ಟಾರ.

ಅಳಿಯಂದ್ರ ಅಂತ ಒದರ್ದೆ. ನನ್ನ ಕಡಿ ನೋಡಿದ್ರು. ಪ್ಲೇಟ್ ಅಲ್ಲೇ ಇಟ್ಟು ಭಾಲ್ಕಿ ಬಸ್ಸಿನ ಹಿಂದ ಹೋದ್ರು. ನಾ ಸುತ್ತ ಹಾಕಿ ಹೋಗೂದ್ರಾಗ ಯಾರೂ ಇಲ್ಲ. ಹೋಟೆಲಿನವ, ಯಜಮಾನ್ರ, ಅವರು ರೊಕ್ಕ ಕೊಡದೆ ಓಡ್ಯಾರ, ನಿಮ್ಮ ಪೈಕಿಯೇನು ಅಂದ. ನಾ ಕೊಟ್ಟು ಬಂದೆ.

ನಂಗ ತಲಿ ಕೆಟ್ಟದ ವಿಜಿ. ಆಸ್ಟ್ರೇಲಿಯಾದ ಗಣಿಯಾಗ ಇದ್ದ ಮನಷ್ಯಾ ಔರಾದದಾಗ ಸುಸಲಾ ಹ್ಯಾಂಗ ತಿಂತಾನ? ನನ್ನ ಕಣ್ಣಿನ ಆಪರೇಶನ್ ಆಗಿ ಎಂಟು ತಿಂಗಳಾತು, ಡಾಕ್ಟರು ಛಲೋ ಕಾಣ್ತದ ಅಂದಾರ. ಅವರಂಥವರು ಇನ್ನೊಬ್ಬರು ಇದ್ದಾರೇನು? ಇದ್ರ ನನ್ನ ದನಿ ಕೇಳಿ ಓಡ್ಲಾಕ ಅವರಿಗೇನಾಗಿತ್ತು? ಬಸ್ಸಿನ್ಯಾಗ ಸಂತಪೂರ ದಾಟೂತನಾ ನಿನ್ನ ಪತ್ರ ನಾಕು ಸಲ ಓದ್ದೆ. ಜನವಾಡ ಬಂದಾಗ ಮತ್ತೊಂದು ಸಲ ಓದ್ದೆ.

ನಿಮ್ಮವ್ವಗ ಹೇಳಿಲ್ಲ. ನೀ ಖರೇ ಏನದ ಅದು ಬರಿ. ಅಲ್ಲಿತನಾ ಗಾಡಿ ಮ್ಯಾಲಿಂದ ಅವರ ಹೆಸರು ತಗೀಬ್ಯಾಡ.

ನಿನ್ನ ಅಪ್ಪ
ಶಿವರಾಜಪ್ಪ


ಟೂವೂಂಬಾ
೨ ಏಪ್ರಿಲ್ ೨೦೨೪

ಅಪ್ಪಾರಿಗಿ ಶರಣು.

ನಿಮ್ಮ ಪತ್ರ ಇನ್ನೂ ಬಂದಿಲ್ಲ. ಹಿಂದಿನ ಪತ್ರದಾಗ ನಾ ಜರಾ ಬಿರುಸು ಬರದೆ ಅನಸ್ತು, ಅದಕ್ಕ ಇದು. ಉಗಾದಿ ಹತ್ರ ಬಂತು. ಅವ್ವಗ ಸೀರಿ ತಗೋಲಾಕ ಹೇಳ್ರಿ, ಹಸಿರು ಬ್ಯಾಡ ಅನ್ರಿ, ಆಕಿ ಹತ್ರ ಹಸಿರು ನಾಕು ಅವ.

ನಿನ್ನೆ ಅವರ ಫೋನ್ ಬಂದಿತ್ತು. ಗಣಿಯಾಗ ಆರಾಮ ಇದ್ದಾರ, ನಿಮಗ ಅವ್ವಗ ಶರಣು ಹೇಳ್ಯಾರ. ಸಹಿ ಮಾಡಿ ಕಳಸ್ತೇನಿ ಅಂದಾರ. ನೀವು ಗಾಡಿ ಚಿಂತಿ ಬಿಡ್ರಿ.

ವಿಜಯಶ್ರೀ


ಟೂವೂಂಬಾ
೧೬ ಏಪ್ರಿಲ್ ೨೦೨೪

ಅಪ್ಪಾ,

ಔರಾದದ ಪತ್ರ ಬಂತು. ನಿಮ್ಮ ಕಣ್ಣು ಬರೋಬರಿ ಅವ ರಿ. ನೀವು ನೋಡಿದ್ದು ಅವರನ್ನೇ. ಏಪ್ರಿಲ್ ಎರಡರ ನನ್ನ ಪತ್ರ ಈಗ ನಿಮ್ಮ ಕೈಯಾಗ ಇರ್ತದ. ಅದನ್ನ ನೆನಸಿಕೊಂಡ್ರ ನನಗ ನಾಚಿಕಿ ಆಗ್ತದ. ಗಣಿನೂ ಇಲ್ಲ, ಫೋನೂ ಇಲ್ಲ, ಎಲ್ಲಾ ನಾ ಕಟ್ಟಿದ್ದು.

ಹೋದ ದೀಪಾವಳಿ ಮುಂದ ಅವರು ಕಾಕಾನ ಮಗನ ಮದುವಿ ಅದ, ಮೂರು ವಾರಕ್ಕ ಬರ್ತೇನಿ ಅಂತ ಒಂದೇ ಚೀಲ ತಗೊಂಡು ಹೋದ್ರು. ಆರನೇ ವಾರಕ್ಕ ಒಂದು ಮೆಸೇಜ್ ಬಂತು. ನಾ ಬರಂಗಿಲ್ಲ, ನಿನ್ನ ಮ್ಯಾಲ ಸಿಟ್ಟಿಲ್ಲ, ಅಂತ. ಅಷ್ಟೇ ರಿ. ನಾ ಮಾಡಿದ ಫೋನ್ ಒಂದೂ ಎತ್ತಿಲ್ಲ.

ಯಾಕ ಅಂತ ಕೇಳ್ತೀರಿ. ನಂಗೇ ಪೂರಾ ತಿಳೀವಲ್ದು. ಭಾಲ್ಕಿ ಕಾಲೇಜಿನ್ಯಾಗ ಪಾಠ ಹೇಳ್ತಿದ್ದ ಮನಷ್ಯಾ. ಟ್ಯಾಮ್‌ವರ್ತ್‌ನ್ಯಾಗ ಅವರಿಗಿ ಸಿಕ್ಕಿದ್ದು ಮಾಂಸದ ಫ್ಯಾಕ್ಟರಿ ಕೆಲಸ. ಮುಂಜಾನಿ ಇಷ್ಟಲಿಂಗ ಪೂಜಿ ಮಾಡಿ ಹೋಗಿ ನೆಲದ ಮ್ಯಾಲಿನ ನೆತ್ತರ ತೊಳೀತಿದ್ರು. ಮನಿಗಿ ಬಂದು ಒಂದು ತಾಸು ಕೈ ತೊಳ್ಕೋತಿದ್ರು. ಬಿಟ್ಟುಬಿಡ್ರಿ, ನನ್ನ ಪಗಾರ ಸಾಲ್ತದ ಅಂದೆ. ಅದು ಇನ್ನೂ ತಪ್ಪಾತೇನೋ. ಆಮ್ಯಾಲ ಮಾತೇ ನಿಂತ್ವು. ಜಗಳ ಆಡಿದ್ರ ನಂಗ ಏನಾರ ತಿಳೀತಿತ್ತು ಅಪ್ಪಾ. ಒಂದು ದಿನನೂ ಜಗಳ ಆಡ್ಲಿಲ್ಲ.

ಔರಾದದ ಅವರ ಮನಿಯಾಗ ಮೊದಲು ರಜಾದ ಮ್ಯಾಲ ಬಂದೀನಿ ಅಂತ ಹೇಳಿದ್ರಂತ. ನಾನೂ ನಿಮಗ ಅವರು ಕೆಲಸದ ಮ್ಯಾಲ ಹೋಗ್ಯಾರ ಅಂತ ಹೇಳೀನಿ. ಇಬ್ಬರೂ ಕೂಡಿ ಮಾಡಿದ ಕೆಲಸ ಇದೊಂದೇ.

ಅಸಲ ಫಾರ್ಮು ಇದರ ಜೋಡಿ ಇಟ್ಟೀನಿ. ಪೆನ್ಸಿಲಿನಿಂದ ಗುರುತು ಮಾಡಿದಲ್ಲಿ ಅವರ ಸಹಿ ಬೇಕು. ನನಗ ಬ್ಯಾರೆ ಯಾರೂ ಇಲ್ರಿ, ನೀವೇ ತಂದುಕೊಡ್ಬೇಕು. ಜೂನ್ ಮೂವತ್ತು ದಾಟಿದ್ರ ನಾ ಆಶ್ರಮಕ್ಕ ಹೋಗ್ಲಾಕ ಆಗಂಗಿಲ್ಲ, ನೌಕರಿ ಹೋಗ್ತದ. ಅವ್ವಗ ಈಗೇ ಹೇಳಬ್ಯಾಡ್ರಿ.

ವಿಜಿ


ಬೀದರ
೪ ಮೇ ೨೦೨೪

ಚಿ. ವಿಜಿಗಿ.

ಸೋಮವಾರ ಔರಾದಿಗಿ, ಬೀಗರ ಮನಿಗಿ ಹೋಗಿದ್ದೆ. ಅವರು ಮನಿಯಾಗೇ ಇದ್ರು. ಛಾ ಕೊಟ್ರು. ಫಾರ್ಮು ತೋರಿಸಿದೆ, ಸಹಿ ಮಾಡಿದ್ರು. ಇದರ ಜೋಡಿ ಇಟ್ಟೀನಿ.

ಬಿಸಲು ಭಾಳ ಅದ. ನಿಮ್ಮವ್ವ ಸೀರಿ ತಗೊಂಡಾಳ, ಹಸರೇ ತಗೊಂಡಾಳ. ಗಾಡಿ ಕೆಲಸ ಮುಗಸಿಕೊ. ಇದರ ಬಗ್ಗಿ ಮತ್ತ ಯಾರ ಮುಂದೂ ಮಾತು ಬ್ಯಾಡ. ಮನಷ್ಯಾನ ಮನಸ್ಸು ಇವತ್ತ ಇದ್ದಂಗ ನಾಳಿಗಿ ಇರಂಗಿಲ್ಲ, ವರ್ಷ ಆರು ತಿಂಗಳಿಗಿ ಎಲ್ಲಾ ಸರಿ ಆಗಬಹುದು.

ನಿನ್ನ ಅಪ್ಪ
ಶಿವರಾಜಪ್ಪ


ಟೂವೂಂಬಾ
೨೦ ಮೇ ೨೦೨೪

ಅಪ್ಪಾ,

ಫಾರ್ಮು ಬಂತು. ನಾ ಕೌಂಟರಿಗಿ ಕೊಟ್ಟಿಲ್ಲ. ಕೊಡಂಗಿಲ್ಲ.

ಇದು ನೀವು ಮಾಡಿದ ಸಹಿ.

ನಾ ಆರನೇ ಇಯತ್ತಾದಾಗ ಇದ್ದಾಗ ರಜಾದಾಗೆಲ್ಲಾ ನಿಮ್ಮ ಮೇಜಿನ ಬಾಜೂಕ ಕುಂತಿರ್ತಿದ್ದೆ, ಮರ್ತೀರೇನು? ಜನವಾಡದವರು, ಸಾಯಗಾಂವದವರು ಬಂದು ಬಸ್ ತಪ್ತದ ಯಜಮಾನ್ರ ಅಂದ್ರ, ನೀವು ಹೋಗ್ರಿ ನಾ ನೋಡ್ಕೋತೇನಿ ಅಂತ ಅವರ ಸಹಿ ನೀವೇ ಹಾಕ್ತಿದ್ರಿ. ಒಂದೊಂದು ದಿನಕ್ಕ ಹತ್ತು ಮಂದಿ ಸಹಿ. ಹಳೆ ಕಾಗದ ಎದುರಿಗಿಟ್ಟು, ಕಣ್ಣು ಕಿರಿದು ಮಾಡಿ, ಒಂದೇ ಉಸಿರಿನ್ಯಾಗ ಹಾಕ್ತಿದ್ರಿ. ಮಾಲಕನಿಗಿ ತೋರಿಸಿದ್ರೂ ಅವ ತನ್ನದೇ ಅಂತಿದ್ದ. ನಂಗ ಆವಾಗ ನಮ್ಮಪ್ಪನಷ್ಟು ಶಾಣ್ಯಾ ಮನಷ್ಯಾ ಬೀದರದಾಗೇ ಇಲ್ಲ ಅನಸ್ತಿತ್ತು.

ಈ ಸಹಿ ನೀವು ಎಲ್ಲಿ ನೋಡಿ ಮಾಡೀರಿ ಅದೂ ಗೊತ್ತಾತು. ಮದುವಿಯಾಗ ಅವರಿಗಿ ಕೊಡಿಸಿದ ಪಲ್ಸರ್ ಗಾಡಿ ಕಾಗದ ನೋಡಿ. ಅದರಾಗ ಅವರು ಕನ್ನಡದಾಗ ಸಹಿ ಮಾಡ್ಯಾರ. ಪಾಸ್‌ಪೋರ್ಟ್ ಆದಾಗಿಂದ ಅವರು ಇಂಗ್ಲಿಷಿನ್ಯಾಗ ಮಾಡ್ತಾರ ಅಪ್ಪಾ. ಇಲ್ಲಿನ ಲೈಸನ್ಸಿನ್ಯಾಗ, ಈ ಕಾರಿನ ಕಾಗದದಾಗ, ಎಲ್ಲಾ ಕಡಿ ಇಂಗ್ಲಿಷ್. ಇದನ್ನ ನಾ ಕೊಟ್ಟು ಕೌಂಟರಿನವರು ಹೋಲಸಿ ನೋಡಿದ್ರ ನಿಮ್ಮ ಮಗಳ ನರ್ಸ್ ಲೈಸನ್ಸೂ ಹೋಗ್ತದ, ಮ್ಯಾಲ ಕೇಸು.

ನೀವು ಔರಾದಿಗಿ ಹೋಗೇ ಇಲ್ಲ. ಹೋಗಿದ್ರ ನಾಕು ಪುಟ ಬರೀತಿದ್ರಿ. ಅವರವ್ವ ಏನಂದ್ಳು, ಛಾದಾಗ ಸಕ್ಕರಿ ಎಷ್ಟಿತ್ತು, ಎಲ್ಲಾ ಬರೀತಿದ್ರಿ. ನಾನೂ ನಿಮಗ ಸುಳ್ಳು ಬರದೀನಿ, ನಿಮ್ಮ ಮ್ಯಾಲ ಸಿಟ್ಟಾಗ್ಲಾಕ ನಂಗ ಹಕ್ಕಿಲ್ಲ. ಆದ್ರೂ ಭಾಳ ಸಿಟ್ಟು ಬಂದದ. ಮೂವತ್ತೊಂದು ವರ್ಷ ಮಂದಿ ಕೆಲಸಕ್ಕ ಊರೂರು ತಿರುಗೀರಿ. ನನ್ನ ಒಂದು ಸಹಿಗಿ ಎರಡು ತಾಸಿನ ಬಸ್ಸು ಹತ್ತಲಾಕ ಆಗ್ಲಿಲ್ಲೇನ್ರಿ?

ಇನ್ನೊಂದು ಫಾರ್ಮು ಇಟ್ಟೀನಿ. ಇದೇ ಕಡೀದು. ಆಗಂಗಿಲ್ಲಂದ್ರ ಆಗಂಗಿಲ್ಲ ಅಂತ ಬರೀರಿ.

ವಿಜಯಶ್ರೀ


ಬೀದರ
೫ ಜೂನ್ ೨೦೨೪

ಮಗಳ,

ನಿನ್ನ ಪತ್ರ ಮೊನ್ನೆ ಬಂತು. ಓದಿ ಮೇಜಿನ ಮ್ಯಾಲಿನ ಕಾಗದ ಎಲ್ಲಾ ಕಟ್ಟಿ ಒಳಗಿಟ್ಟೆ. ಏನಾತು ಸಾಹೇಬ್ರ, ಬಿಪಿ ಏರ್ಯಾದೇನು ಅಂತ ಫಕ್ರೋದ್ದೀನ ನೀರು ತಂದುಕೊಟ್ಟ. ಗಿರಾಕಿ ಇಬ್ಬರು ಬಂದಿದ್ರು, ನಾಳಿಗಿ ಬರ್ರಿ ಅಂದೆ. ನಿನ್ನೆ ಮುಂಜಾನಿ ಮೊದಲ ಬಸ್ಸಿಗಿ ಔರಾದಿಗಿ ಹೋದೆ. ಈ ಸಲ 'ಖರೇ' ಹೋದೆ.

ಬಾಗಲ ತಗದವರು ಬೀಗ್ತಿ ಜಿಜಾಬಾಯಿ. ನನ್ನ ನೋಡಿದ ಕೂಡ್ಲೇ ಮುಖ ಸಣ್ಣ ಮಾಡಿದ್ರು. ಒಳಗ ಬರ್ರಿ ಅಂದ್ರು, ಚಾಪಿ ಹಾಕಿದ್ರು, ನೀರು ಕೊಟ್ರು, ಆಮ್ಯಾಲ ಸುರು ಮಾಡಿದ್ರು. ನಿಮ್ಮ ಮಗಳು ದೊಡ್ಡ ಪಗಾರದಾಕಿ, ನನ್ನ ಮಗನ್ನ ಆಳಿನಂಗ ಇಟ್ಟಿದ್ಳು, ದುಡಿಯೋದು ಬಿಡು ನಾ ಸಾಕ್ತೇನಿ ಅಂದ್ಳಂತ, ಹ್ಯಾಂಗ ಇರ್ಬೇಕು ಅವ? ಮನಿಂದ ಹೊರಗ ಹಾಕಿದ್ಳು ನಿಮ್ಮ ಮಗಳು! ಓಣಿ ಮಂದಿ ಬಾಗಲಿಗಿ ಬಂದು ನಿಂತ್ರು.

ಸಂತೋಷಕುಮಾರ ಅಲ್ಲೇ ಕಂಬಕ್ಕ ಆತು ಕುಂತಿದ್ದ. ನಾ ಅವನ ಮುಖನೇ ನೋಡ್ಲತ್ತಿದ್ದೆ. ಅವ್ವಾ, ಹಂಗಲ್ಲ, ಆಕಿ ಹೊರಗ ಹಾಕಿಲ್ಲ, ನಾನೇ ಬಂದೀನಿ ಅಂತ ಒಂದು ಮಾತು ಅಂತಾನ ಅಂತ ಕಾಯ್ದೆ. ಅಷ್ಟು ಅಂದಿದ್ರ ನಾ ಫಾರ್ಮು ಕಿಸೇದಿಂದ ತಗೀತಿದ್ದಿಲ್ಲ ವಿಜಿ. ಅವನ ಕೈ ಹಿಡ್ಕೊಂಡು ಬೀದರಿಗಿ ಕರ್ಕೊಂಡು ಬರ್ತಿದ್ದೆ. ಅವ ನೆಲ ನೋಡ್ಕೋತ ಕುಂತ. ಅವರವ್ವ ನಿನ್ನ ಬಗ್ಗಿ ಇನ್ನೂ ಏನೇನೋ ಅಂದ್ಳು, ಅದನ್ನ ನಾ ಬರಿಯಲ್ಲ. ಅದಕ್ಕೂ ಅವ ತಲಿ ಎತ್ತಲಿಲ್ಲ. ಒಂದು ದಿನನೂ ಜಗಳ ಆಡ್ಲಿಲ್ಲ ಅಂತ ನೀ ಬರದಿದ್ದಿ. ಓದಿದಾಗ ನಂಗ ಅದು ಒಳ್ಳೇದೇ ಅಲ್ಲೇನು ಅನಸಿತ್ತು. ಅವನ ಎದುರು ಕುಂತ ಮ್ಯಾಲ ಗೊತ್ತಾತು, ನೀ ಆ ಮನಿಯಾಗ ದಿನಾ ಹ್ಯಾಂಗ ತಗದಿ ಅಂತ.

ಆವಾಗ ಫಾರ್ಮು ತಗದು ಚಾಪಿ ಮ್ಯಾಲ ಇಟ್ಟೆ. ಸಹಿ ಮಾಡ್ರಿ ಅಂದೆ. ಮೂವತ್ತೊಂದು ವರ್ಷ ಗಿರಾಕಿಗಿ ಅಂದಂಗೇ ಅಂದೆ. ನಿಮ್ಮ ಲೈಸನ್ಸಿನ್ಯಾಗ ಹ್ಯಾಂಗ ಮಾಡೀರಿ ಹಂಗೇ ಮಾಡ್ರಿ ಅಂದೆ. ಅವ ಪೆನ್ನು ಹಿಡದು, ಇದಕ್ಕ ಸಹಿ ಮಾಡಿದ್ರ ಏನಾಗ್ತದ ಮಾಮಾರ ಅಂತ ಕೇಳ್ದ. ಗಾಡಿ ಆಕಿದು ಆಗ್ತದ ಅಂದೆ. ಸಹಿ ಮಾಡ್ದ. ಚಾಪಿ ಮ್ಯಾಲೇ ಇಟ್ಟು ಬರದ, ಅದಕ್ಕ ಕಡೀ ಅಕ್ಷರ ಜರಾ ಸೊಟ್ಟ ಬಂದದ. ಇದು ಏನು ಅಂತ ಜಿಜಾಬಾಯಿ ಕೇಳಿದ್ಳು. ನಿಮ್ಮ ಮಗನ್ನ ಕೇಳ್ರಿ ಅಂತ ಹೇಳಿ ಎದ್ದು ಬಂದೆ.

ಈಗ ಆ ಮೊದಲಿನ ಸಹಿದು ಹೇಳ್ತೇನಿ. ಬಸ್ ಹತ್ತಲಾಕ ಬ್ಯಾಸರ ಆಗಿ ಮಾಡಿದ್ದಲ್ಲ ಅದು. ಆ ಸೋಮವಾರ ಬಸ್‌ಸ್ಟ್ಯಾಂಡಿಗಿ ಹೋಗಿದ್ದೆ. ಔರಾದ ಬಸ್ ಬಂತು, ನಾ ಹತ್ತಲಿಲ್ಲ. ಅವನೇ ಸಹಿ ಮಾಡಿಬಿಟ್ರ ಮುಗದೇ ಹೋಯ್ತು, ಹೌದಲ್ಲೋ? ಗಾಡಿ ಕೊಟ್ಟೋರು ತಗೊಂಡೋರು ಸಹಿ ಮಾಡಿ ಒಬ್ಬರ ಮುಖ ಒಬ್ಬರು ನೋಡದೆ ಹೋಗೂದು ನಾ ದಿನಾ ನೋಡಾಂವ. ನಾ ಹಾಕಿದ ಸಹಿ ಸುಳ್ಳು ಇದ್ರ, ನೀವಿಬ್ಬರು ಬ್ಯಾರೆ ಆಗಿದ್ದೂ ಸುಳ್ಳೇ ಅಂತ ನನ್ನ ಮನಸ್ಸಿಗಿ ನಾನೇ ಹೇಳಿಕೊಂಡೆ. ನಿನ್ನ ಕೆಲಸನೂ ಆಗ್ಲಿ, ಅವನ ಸಹಿನೂ ಬೀಳದಿರ್ಲಿ ಅಂತ ಮಾಡ್ದೆ. ಅರವತ್ನಾಲ್ಕು ವಯಸ್ಸಿನ ಮನಷ್ಯಾನ ಬುದ್ಧಿ ನೋಡು.

ಇದರ ಜೋಡಿ ಇಟ್ಟದ್ದು ಅವನ ಸಹಿ. ಖರೇ ಅದ. ನಿನ್ನೆ ಮನಿಗಿ ಬಂದು ನಿಮ್ಮವ್ವಗ ಎಲ್ಲಾ ಹೇಳೀನಿ. ನೀ ಬ್ಯಾಡ ಅಂದಿದ್ದಿ, ನನ್ನ ಕೈಲಿ ಇಟ್ಕೊಳ್ಳಾಕ ಆಗ್ಲಿಲ್ಲ. ಆಕಿ ಅತ್ತಳು, ಆಮ್ಯಾಲ ನಂಗ ಬೈದ್ಳು. ಕೂಸು ಅಷ್ಟು ದೂರ ಒಬ್ಬಾಕಿ ಇದ್ದಾಗ ನೀವು ಎರಡೆರಡು ಸಹಿ ಆಟ ಆಡ್ಲತ್ತೀರೇನು ಅಂತ. ಆಕಿ ಅಂದದ್ದು ಬರೋಬರಿ ಅದ. ನನ್ನ ಮ್ಯಾಲ ಸಿಟ್ಟು ಇಟ್ಕೋಬ್ಯಾಡ ಮಗಳ.

ನಿನ್ನ ಅಪ್ಪ
ಶಿವರಾಜಪ್ಪ


ಟೂವೂಂಬಾ
೨೨ ಜೂನ್ ೨೦೨೪

ಅಪ್ಪಾರಿಗಿ, ಅವ್ವಗ ಶರಣು.

ಈ ಪತ್ರ ಮನಿ ಪತ್ತಾಕ್ಕೇ ಹಾಕೀನಿ, ಇಬ್ಬರೂ ಕೂಡಿ ಓದ್ರಿ.

ಫಾರ್ಮು ಗುರುವಾರ ಬಂತು. ಸಹಿ ನೋಡಿದ ಕೂಡ್ಲೇ ಗೊತ್ತಾತು, ಅವರದೇ. ಎರಡು ದಿನ ಚೀಲದಾಗ ಇಟ್ಕೊಂಡು ತಿರುಗಿದೆ. ಕೊಡೂದೋ ಬ್ಯಾಡೋ ಅಂತ ಅಲ್ಲ, ಯಾಕ ಇಟ್ಕೊಂಡು ತಿರುಗಿದೆ ನಂಗೇ ಗೊತ್ತಿಲ್ಲ. ನಾಕು ತಿಂಗಳು ಬೇಕು ಬೇಕು ಅಂತ ಅತ್ತದ್ದು ಕೈಗಿ ಬಂದಾಗ ಕೈ ಸುಡ್ಲತ್ತಿತ್ತು. ಇವತ್ತ ಶನಿವಾರ, ಅರ್ಧ ದಿನ ದಫ್ತರ ತಗದಿರ್ತಾರ ಅಂತ ಹೋದೆ.

ಕೌಂಟರಿನ್ಯಾಗ ಅದೇ ಹೆಣ್ಣಮಗಳು ಇದ್ಳು. ಚಾಸಿ ಅಚ್ಚಿನಾಕಿ ಬಂದ್ಳು ಅಂತ ನಕ್ಕಳು. ಮೆಕ್ಯಾನಿಕ್‌ನ ಸರ್ಟಿಫಿಕೇಟ ಹಳೇದಾಗಿತ್ತು, ಹೊಸದು ಮಾಡಿಸಿಕೊಂಡೇ ಹೋಗಿದ್ದೆ. ಒಂದೊಂದೇ ಕಾಗದ ನೋಡಿದ್ಳು. ಸಹಿ ಲೈಸನ್ಸಿನ ಪ್ರತಿಗಿ ಹೋಲಸಿ ನೋಡಿ ಬರೋಬರಿ ಅದ ಅಂತ ಗೋಣು ಹಾಕಿದ್ಳು. ಹತ್ತು ನಿಮಿಷದಾಗ ಎಲ್ಲಾ ಮುಗೀತು ಅನ್ನೂದ್ರಾಗ ಪೆನ್ನು ನಿಲ್ಲಸಿ, ಇಬ್ಬರ ಮನಿತನದ ಹೆಸರು ಒಂದೇ ಅದ, ಇವರು ನಿಮ್ಮ ಗಂಡ ಅಲ್ಲೇನು ಅಂತ ಕೇಳಿದ್ಳು. ಗಂಡ ಹೆಂಡತಿಗಿ ಗಾಡಿ ಕೊಟ್ರ ಸರಕಾರದ ಸುಂಕ ಇಲ್ಲ, ಹೌದು ಅನ್ರಿ, ನಾ ಮಾಫಿ ಅಂತ ಬರೀತೇನಿ ಅಂದ್ಳು. ನನ್ನ ಒಳ್ಳೇದಕ್ಕೇ ಅಂದ್ಳು ಪಾಪ, ಹೌದು ಅನ್ಲಿ ಅಂತ ನನ್ನ ಮುಖನೇ ನೋಡ್ಲತ್ತಿದ್ಳು.

ಹಿಂದ ಸಾಲಿನ್ಯಾಗ ಮಂದಿ ನಿಂತಿದ್ರು. ಕಾಗದದ ಮ್ಯಾಲ ಇನ್ನೂ ಹೌದೇ ಅದ ಅಪ್ಪಾ, ಹೌದು ಅಂದಿದ್ರ ಸುಳ್ಳೇನೂ ಆಗ್ತಿದ್ದಿಲ್ಲ. ನನ್ನ ಬಾಯಿಗಿ ಅದು ಬರ್ಲಿಲ್ಲ.

ಸುಂಕ ಕಟ್ತೇನಿ ಅಂದೆ.

ನಿಮ್ಮ ಮಗಳು
ವಿಜಯಶ್ರೀ